ಹೊರಗಿನವರಿಗೆ ಅಧ್ಯಕ್ಷೀಯ ಟಿಕೆಟ್: ಜನಪ್ರಿಯತೆಗಿಂತ ನಿಯಮದ ಲೆಕ್ಕವೇ ದೊಡ್ಡದು

2016ರ ಫೆಬ್ರವರಿ 20ರಂದು ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಪ್ರೈಮರಿ ನಡೆಯಿತು. ಅಂದರೆ, ಅಧ್ಯಕ್ಷ ಹುದ್ದೆಗೆ ಪಕ್ಷದ ಹುರಿಯಾಳು ಯಾರಾಗಬೇಕೆಂದು ಮತದಾರರೇ ನಿರ್ಧರಿಸುವ ಪ್ರಾಥಮಿಕ ಚುನಾವಣೆ. ಡೊನಾಲ್ಡ್ ಟ್ರಂಪ್ ಅವರಿಗೆ ಬಿದ್ದ ಮತ ಶೇ.32.5. ಮತ ಹಾಕಿದ ಮೂವರಲ್ಲಿ ಇಬ್ಬರು ಬೇರೆಯವರ ಪರ ನಿಂತಿದ್ದರು. ಆದರೂ ಆ ರಾಜ್ಯದಿಂದ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ತೆರಳಬೇಕಿದ್ದ 50 ಪ್ರತಿನಿಧಿಗಳಲ್ಲಿ ಐವತ್ತೂ ಟ್ರಂಪ್ ಪಾಲಾದರು.

ಇದಾದ ಹದಿನೇಳು ದಿನಗಳ ಬಳಿಕ, ಮಾರ್ಚ್ 8ರಂದು, ಮಿಷಿಗನ್ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಬರ್ನಿ ಸ್ಯಾಂಡರ್ಸ್ ಎಲ್ಲ ಸಮೀಕ್ಷೆಗಳನ್ನೂ ಸುಳ್ಳಾಗಿಸಿ ಹಿಲರಿ ಕ್ಲಿಂಟನ್ ಅವರನ್ನು ಸೋಲಿಸಿದರು. ಪತ್ರಿಕೆಗಳ ಮುಖಪುಟವೆಲ್ಲ ಸ್ಯಾಂಡರ್ಸ್‌ಮಯ. ಆದರೆ ಪ್ರತಿನಿಧಿಗಳ ಲೆಕ್ಕ ಬೇರೆಯೇ ಇತ್ತು. ಮಿಷಿಗನ್‌ನಲ್ಲಿ ಸ್ಯಾಂಡರ್ಸ್‌ಗೆ ದಕ್ಕಿದ್ದು 67, ಹಿಲರಿಗೆ 63. ಅದೇ ದಿನ ಮತದಾನ ನಡೆದ ಮಿಸಿಸಿಪ್ಪಿಯಲ್ಲಿ ಹಿಲರಿಗೆ 31, ಸ್ಯಾಂಡರ್ಸ್‌ಗೆ ಕೇವಲ 5. ದಿನದ ಹೀರೋ ಸ್ಯಾಂಡರ್ಸ್. ದಿನದ ಕೊನೆಗೆ ಅಂತರವನ್ನು ಹಿಗ್ಗಿಸಿಕೊಂಡವರು ಹಿಲರಿ!

ಪಕ್ಷದ ಹೊರಗಿನವರೊಬ್ಬರು ಅದೇ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಯನ್ನು ಗೆಲ್ಲಬಲ್ಲರೇ ಎಂಬ ಪ್ರಶ್ನೆ ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಏಳುತ್ತದೆ. ಉತ್ತರವನ್ನು ಜನರ ಆಕ್ರೋಶದಲ್ಲಿ, ನಾಯಕನ ವರ್ಚಸ್ಸಿನಲ್ಲಿ, ಹಣದ ಥೈಲಿಯಲ್ಲಿ ಹುಡುಕುವುದು ವಾಡಿಕೆ. ಇವೆಲ್ಲ ಮುಖ್ಯವಲ್ಲವೆಂದಲ್ಲ. ಆದರೆ 1972ರಿಂದೀಚೆಗಿನ ದಾಖಲೆಗಳನ್ನು ತಿರುವಿ ಹಾಕಿದರೆ ಕಾಣುವುದು ಇನ್ನೆರಡು ಸಂಗತಿಗಳು. ಎದುರಾಳಿಗಳು ಎಷ್ಟು ಮಂದಿ, ಅವರು ಎಷ್ಟು ದಿನ ಕಣದಲ್ಲಿ ಉಳಿಯುತ್ತಾರೆ ಎಂಬುದು ಒಂದು. ಬಿದ್ದ ಮತ ಪ್ರತಿನಿಧಿಗಳ ಸಂಖ್ಯೆಯಾಗಿ ಬದಲಾಗುವ ನಿಯಮ ಯಾವುದು ಎಂಬುದು ಇನ್ನೊಂದು. ಇವೆರಡೂ ಒಟ್ಟಿಗೆ ಕೂಡಿಬಂದಾಗ ಹೊರಗಿನವರು ಗೆದ್ದಿದ್ದಾರೆ. ಒಂದು ಕೈಕೊಟ್ಟರೂ ಸೋತಿದ್ದಾರೆ.

ಪಕ್ಷದ ಬಾಗಿಲೇ ಏಕೆ?

ಪಕ್ಷದ ವರಿಷ್ಠರು ಬೇಡವೆಂದರೆ ಸ್ವತಂತ್ರವಾಗಿ ಸ್ಪರ್ಧಿಸಬಹುದಲ್ಲ ಎಂದು ಕೇಳಬಹುದು. 1992ರಲ್ಲಿ ಟೆಕ್ಸಾಸ್‌ನ ಉದ್ಯಮಿ ರಾಸ್ ಪೆರೊ ಅದನ್ನೇ ಮಾಡಿದರು. ದೇಶದಾದ್ಯಂತ ಶೇ.18.9ರಷ್ಟು, ಅಂದರೆ 1.97 ಕೋಟಿ ಮತ ಪಡೆದರು. ಆದರೆ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಅವರ ಗಳಿಕೆ ಸೊನ್ನೆ. ಐವರಲ್ಲಿ ಒಬ್ಬರ ಬೆಂಬಲವಿದ್ದರೂ ಒಂದೇ ಒಂದು ರಾಜ್ಯವನ್ನೂ ಗೆಲ್ಲಲಾಗಲಿಲ್ಲ. ರಾಬರ್ಟ್ ಎಫ್. ಕೆನಡಿ ಜೂನಿಯರ್ 2023ರ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಉಮೇದುವಾರಿಕೆ ಬಯಸಿ ಹೊರಟರು, ಅಕ್ಟೋಬರ್‌ನಲ್ಲಿ ಪಕ್ಷ ಬಿಟ್ಟು ಸ್ವತಂತ್ರರಾದರು, ಮರುವರ್ಷದ ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಘೋಷಿಸಿದರು. ಅಧ್ಯಕ್ಷರಾಗಲಿಲ್ಲ, ಟ್ರಂಪ್ ಸಂಪುಟದಲ್ಲಿ ಆರೋಗ್ಯ ಖಾತೆ ಸಿಕ್ಕಿತು.

ಹೀಗಾಗಿ ಶ್ವೇತಭವನದ ಹಾದಿ ಎರಡು ಪಕ್ಷಗಳಲ್ಲೊಂದರ ಅಂಗಳವನ್ನು ದಾಟಿಯೇ ಹೋಗಬೇಕು. ಆ ಅಂಗಳಕ್ಕೆ ಬೇಲಿ ಇಲ್ಲವೆಂಬುದು ಭಾರತದ ಓದುಗರಿಗೆ ಅಚ್ಚರಿಯೆನಿಸಬಹುದು. ಇಲ್ಲಿ ಪಕ್ಷದ ಬಿ ಫಾರಂ ಯಾರ ಕೈಸೇರಬೇಕೆಂದು ನಿರ್ಧರಿಸುವವರು ವರಿಷ್ಠರು. ಅಲ್ಲಿ ಚಂದಾ ಕಟ್ಟಿ ಪಡೆಯುವ ಸದಸ್ಯತ್ವವೇ ಇಲ್ಲ. ಅನೇಕ ರಾಜ್ಯಗಳಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರು ನಮೂದಿಸಿದರೆ ಸಾಕು. ಇನ್ನು ಕೆಲವು ರಾಜ್ಯಗಳಲ್ಲಿ ಅದೂ ಬೇಡ, ಮತದಾನದ ದಿನ ಯಾವ ಪಕ್ಷದ ಪ್ರೈಮರಿಯಲ್ಲಿ ಬೇಕಾದರೂ ಮತ ಹಾಕಬಹುದು. ಸ್ಯಾಂಡರ್ಸ್ ವರ್ಮಾಂಟ್‌ನಿಂದ ಸೆನೆಟ್‌ಗೆ ಆರಿಸಿ ಬಂದದ್ದು ಪಕ್ಷೇತರರಾಗಿ. ಟ್ರಂಪ್ 2001ರಿಂದ 2009ರವರೆಗೆ ನೋಂದಾಯಿತ ಡೆಮಾಕ್ರಟ್ ಆಗಿದ್ದರು. ಪಕ್ಷದ ಮನೆಗೆ ಕಾಲಿಡಲು ಇಬ್ಬರಿಗೂ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಹಳೆಯ ವ್ಯವಸ್ಥೆ ಮತ್ತು ಮೆಕ್‌ಗವರ್ನ್

ಮೊದಲು ಹೀಗಿರಲಿಲ್ಲ. 1952ರಲ್ಲಿ ಸೆನೆಟರ್ ಎಸ್ಟಿಸ್ ಕೆಫಾವರ್ ಡೆಮಾಕ್ರಟಿಕ್ ಪಕ್ಷದ 15 ಪ್ರೈಮರಿಗಳ ಪೈಕಿ 12ನ್ನು ಗೆದ್ದರು. ಟಿಕೆಟ್ ಮಾತ್ರ ಅಡ್ಲೈ ಸ್ಟೀವನ್‌ಸನ್ ಅವರಿಗೆ ಹೋಯಿತು. ಪ್ರೈಮರಿ ಎಂಬುದು ಆಗ ಬಲಪ್ರದರ್ಶನದ ವೇದಿಕೆಯೇ ಹೊರತು ನಿರ್ಣಯದ ಕಟ್ಟೆಯಾಗಿರಲಿಲ್ಲ. ನಿರ್ಣಯವಾಗುತ್ತಿದ್ದದ್ದು ರಾಜ್ಯ ನಾಯಕರು, ಕಾರ್ಮಿಕ ಮುಖಂಡರು, ನಗರಗಳ ಧಣಿಗಳು ಕುಳಿತು ಮಾತಾಡುತ್ತಿದ್ದ ಕೋಣೆಗಳಲ್ಲಿ. ಆ ಕೋಣೆಯೂ ಕೆಲವೊಮ್ಮೆ ಹೊರಗಿನವರನ್ನು ಕರೆದು ಕೂರಿಸಿದ್ದುಂಟು. 1940ರಲ್ಲಿ ರಿಪಬ್ಲಿಕನ್ ಟಿಕೆಟ್ ಪಡೆದ ವೆಂಡೆಲ್ ವಿಲ್ಕಿ ಒಬ್ಬ ಉದ್ಯಮಿ. ಅಲ್ಲಿಯವರೆಗೆ ಯಾವ ಚುನಾಯಿತ ಹುದ್ದೆಯನ್ನೂ ಹಿಡಿದವರಲ್ಲ, ಸ್ವಲ್ಪ ಕಾಲದ ಹಿಂದಿನವರೆಗೂ ಎದುರು ಪಕ್ಷದಲ್ಲಿದ್ದವರು. ಫಿಲಡೆಲ್ಫಿಯಾ ಸಮಾವೇಶದ ಆರನೆಯ ಸುತ್ತಿನ ಮತದಾನದಲ್ಲಿ ಅವರ ಹೆಸರು ಗೆದ್ದಿತು.

1968 ಈ ವ್ಯವಸ್ಥೆಗೆ ಕೊನೆ ಹಾಡಿದ ವರ್ಷ. ವಿಯೆಟ್ನಾಂ ಯುದ್ಧದ ವಿರುದ್ಧ ದೇಶ ಕುದಿಯುತ್ತಿತ್ತು. ಯುದ್ಧವಿರೋಧಿ ಅಭ್ಯರ್ಥಿಗಳು ಪ್ರೈಮರಿಗಳಲ್ಲಿ ಮತ ಬಾಚಿಕೊಂಡರು. ಆದರೆ ಷಿಕಾಗೋ ಸಮಾವೇಶದಲ್ಲಿ ಟಿಕೆಟ್ ಪಡೆದವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದಿದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ, ಒಳಗೆ ಪ್ರತಿನಿಧಿಗಳ ಕೂಗಾಟ, ನವೆಂಬರ್‌ನಲ್ಲಿ ಸೋಲು. ಪೆಟ್ಟು ತಿಂದ ಪಕ್ಷ ಆಯ್ಕೆಯ ನಿಯಮ ಬದಲಿಸಲು ಆಯೋಗವೊಂದನ್ನು ನೇಮಿಸಿತು. ಅದರ ಮೊದಲ ಅಧ್ಯಕ್ಷರು ಸೌತ್ ಡಕೋಟಾದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್.

ಹೊಸ ನಿಯಮಗಳಡಿ ನಡೆದ ಮೊದಲ ಚುನಾವಣೆ 1972ರದ್ದು. ಅದರಲ್ಲಿ ಟಿಕೆಟ್ ಗೆದ್ದವರು ಅದೇ ಮೆಕ್‌ಗವರ್ನ್ ಎಂಬುದು ಆಕಸ್ಮಿಕವಲ್ಲ. ನಿಯಮದ ಪುಸ್ತಕ ಅವರಿಗೆ ಕಂಠಪಾಠವಾಗಿತ್ತು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಅವರು ಹಂಫ್ರಿಯವರನ್ನು ಸೋಲಿಸಿದ್ದು ಐದು ಶೇಕಡಾಂಶದಷ್ಟು ಅಂತರದಿಂದ. ಆದರೆ ಆ ರಾಜ್ಯದಲ್ಲಿ ಆಗ ಗೆದ್ದವರಿಗೇ ಎಲ್ಲ ಎಂಬ ಪದ್ಧತಿಯಿದ್ದುದರಿಂದ 271 ಪ್ರತಿನಿಧಿಗಳೂ ಅವರಿಗೇ ಸೇರಿದರು. ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕೆಂದು ಎದುರಾಳಿಗಳು ಸಮಾವೇಶದಲ್ಲಿ ಪಟ್ಟು ಹಿಡಿದರು. ಮೆಕ್‌ಗವರ್ನ್ ಬಣ ಆ 271ನ್ನು ಹಲ್ಲುಕಚ್ಚಿ ಉಳಿಸಿಕೊಂಡಿತು. ಸುಧಾರಣೆಯ ಹರಿಕಾರ ಗೆದ್ದದ್ದು, ಸುಧಾರಕರು ಇಷ್ಟಪಡದ ನಿಯಮದ ನೆರವಿನಿಂದ! ನವೆಂಬರ್‌ನಲ್ಲಿ ಅವರಿಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. ಉಳಿದ 49 ರಾಜ್ಯಗಳೂ ನಿಕ್ಸನ್ ಪಾಲಾದವು.

1976ರಲ್ಲಿ ಜಾರ್ಜಿಯಾದ ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಇನ್ನೊಂದು ಬಾಗಿಲನ್ನು ಹುಡುಕಿದರು. ಆಗ ಮೊದಲು ಮತ ಚಲಾಯಿಸುತ್ತಿದ್ದ ಅಯೋವಾದಲ್ಲಿ ತಿಂಗಳುಗಟ್ಟಲೆ ಊರೂರು ತಿರುಗಿದರು. ಕಾಕಸ್ ಎಂದು ಕರೆಯಲಾಗುವ ಅಲ್ಲಿನ ಸ್ಥಳೀಯ ಸಭೆಗಳಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಶೇ.28 ಮಾತ್ರ. ಯಾರಿಗೂ ಬದ್ಧರಲ್ಲ ಎಂದವರ ಪಾಲು ಅದಕ್ಕಿಂತ ಹೆಚ್ಚಾಗಿತ್ತು. ಆದರೆ ಹೆಸರಿದ್ದವರಲ್ಲಿ ಮೊದಲಿಗರು ಕಾರ್ಟರ್. ಉಳಿದವರ ಮತ ಹತ್ತು ಕಡೆ ಹಂಚಿಹೋಗಿತ್ತು. ಅಲ್ಲಿಂದ ಅವರು ನೇರ ಶ್ವೇತಭವನಕ್ಕೆ ನಡೆದರು.

ಇಬ್ಬರು ಹೊರಗಿನವರಿಂದ ಪಾಠ ಕಲಿತ ಡೆಮಾಕ್ರಟಿಕ್ ನಾಯಕರು 1982ರಲ್ಲಿ ಒಂದು ತಡೆಗೋಡೆ ಕಟ್ಟಿದರು. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು ಯಾವ ಪ್ರೈಮರಿಯ ಹಂಗೂ ಇಲ್ಲದೆ ಸಮಾವೇಶದಲ್ಲಿ ತಮಗೆ ಬೇಕಾದವರಿಗೆ ಮತ ಹಾಕಬಹುದು ಎಂಬ ಏರ್ಪಾಡು ಅದು. ಸೂಪರ್ ಡೆಲಿಗೇಟ್ ಎಂಬ ಹೆಸರು ಬಿದ್ದದ್ದು ಇವರಿಗೇ. ಜೊತೆಗೆ 1992ರ ಚುನಾವಣೆಯಿಂದ ಎಲ್ಲ ರಾಜ್ಯಗಳಲ್ಲೂ ಪ್ರಮಾಣಾನುಸಾರ ಹಂಚಿಕೆ ಕಡ್ಡಾಯವಾಯಿತು. ಕನಿಷ್ಠ ಶೇ.15 ಮತ ಪಡೆದವರೆಲ್ಲರಿಗೂ ಪಾಲುಂಟು.

ಈ ಕೋಟೆಯೊಳಗೂ ದಾರಿ ಕಂಡವರು ಬರಾಕ್ ಒಬಾಮಾ. ಅವರನ್ನು ಪೂರ್ತಿ ಹೊರಗಿನವರೆನ್ನಲಾಗದು, ಪಕ್ಷದ ಸೆನೆಟರ್ ಆಗಿದ್ದರು. ಆದರೆ ಪಟ್ಟಭದ್ರರ ಒಲವು ಹಿಲರಿಯವರತ್ತ ಇತ್ತು. 2008ರ ಫೆಬ್ರವರಿ 5ರಂದು ಹಿಲರಿ ದೊಡ್ಡ ರಾಜ್ಯ ನ್ಯೂಜೆರ್ಸಿಯನ್ನು ಗೆದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮತ ಹಾಕಿದ್ದ ಆ ರಾಜ್ಯದಲ್ಲಿ ಅವರಿಗೆ ದಕ್ಕಿದ ಮುನ್ನಡೆ 59-48, ಅಂದರೆ 11 ಪ್ರತಿನಿಧಿಗಳು. ಅದೇ ದಿನ ಯಾರೂ ಗಮನಿಸದ ಐಡಹೋದಲ್ಲಿ ಇಪ್ಪತ್ತು ಸಾವಿರ ಚಿಲ್ಲರೆ ಜನರಷ್ಟೇ ಸೇರಿದ ಕಾಕಸ್‌ನಲ್ಲಿ ಒಬಾಮಾ 15-3ರಿಂದ ಗೆದ್ದರು. ಮುನ್ನಡೆ 12! ಒಬಾಮಾ ಅವರ ಭಾಷಣಗಳ ಬಗ್ಗೆ ಬರೆದವರು ಬಹಳ. ಐಡಹೋದಲ್ಲಿ ಅವರು ಕಚೇರಿ ತೆರೆದು ಕಾರ್ಯಕರ್ತರನ್ನು ಕೂರಿಸಿದ್ದರ ಬಗ್ಗೆ ಬರೆದವರು ಕಡಿಮೆ.

ಹದಿನೇಳು ಮಂದಿಯ ಕಣ

ಟ್ರಂಪ್ ಗೆದ್ದ ಬಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2012ರಲ್ಲಿ ಮಿಟ್ ರಾಮ್ನಿ ಟಿಕೆಟ್‌ಗಾಗಿ ತಿಂಗಳುಗಟ್ಟಲೆ ಸೆಣಸಬೇಕಾಗಿ ಬಂದದ್ದು ರಿಪಬ್ಲಿಕನ್ ವರಿಷ್ಠರಿಗೆ ಬೇಸರ ತರಿಸಿತ್ತು. ಮುಂದಿನ ಬಾರಿ ಬೇಗ ಇತ್ಯರ್ಥವಾಗಲೆಂದು ಅವರು ವೇಳಾಪಟ್ಟಿಯನ್ನು ಕುಗ್ಗಿಸಿದರು. ಮಾರ್ಚ್ 15ರಿಂದ ಗೆದ್ದವರಿಗೇ ಎಲ್ಲ ಎಂಬ ಪದ್ಧತಿಗೆ ಅವಕಾಶವಿತ್ತು. ಆರಂಭದಲ್ಲೇ ಮುನ್ನಡೆ ಪಡೆದವರು ಸರಸರನೆ ಮೇಲೇರಲಿ ಎಂಬುದು ಉದ್ದೇಶ. ಆ ಮುನ್ನಡೆ ತಮಗೆ ಬೇಕಾದವರದ್ದೇ ಆಗಿರುತ್ತದೆ ಎಂದು ಅವರು ನಂಬಿದ್ದರು. ಜೆಬ್ ಬುಷ್ ಪರವಾದ ನಿಧಿಯೊಂದು ಪ್ರಚಾರ ಕಾವೇರುವ ಮೊದಲೇ 10 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿಟ್ಟಿದ್ದರಿಂದ ಆ ನಂಬಿಕೆಗೆ ಕಾರಣವೂ ಇತ್ತು.

ಕಣಕ್ಕಿಳಿದ ಪ್ರಮುಖರು ಹದಿನೇಳು. ನ್ಯೂ ಹ್ಯಾಂಪ್‌ಷೈರ್‌ನ ಫಲಿತಾಂಶವನ್ನು ನೋಡಿದರೆ ಇಡೀ ಕಥೆ ಅಲ್ಲೇ ಸಿಗುತ್ತದೆ. ಟ್ರಂಪ್‌ಗೆ ಶೇ.35. ಜಾನ್ ಕೇಸಿಕ್, ಜೆಬ್ ಬುಷ್, ಮಾರ್ಕೊ ರೂಬಿಯೊ, ಕ್ರಿಸ್ ಕ್ರಿಸ್ಟಿ ಎಂಬ ನಾಲ್ವರು ವರಿಷ್ಠರಿಗೆ ಒಪ್ಪಿತರಾದ ಅಭ್ಯರ್ಥಿಗಳು. ಆ ನಾಲ್ವರ ಮತ ಕೂಡಿದರೆ ಸುಮಾರು ಶೇ.45. ಆದರೆ ಅವರು ಕೂಡಲಿಲ್ಲ. ಪ್ರತಿಯೊಬ್ಬರ ಲೆಕ್ಕಾಚಾರ ಒಂದೇ: ಉಳಿದ ಮೂವರು ಉದುರಿದರೆ ಟ್ರಂಪ್ ಎದುರು ಉಳಿಯುವವನು ನಾನೇ. ಹಾಗಾಗಿ ಬಾಣಗಳೆಲ್ಲ ಪರಸ್ಪರರತ್ತ ಹಾರಿದವು. ಬುಷ್ ಪರ ನಿಧಿಯ ಹಣದಲ್ಲಿ ದೊಡ್ಡ ಪಾಲು ರೂಬಿಯೊ ವಿರುದ್ಧದ ಜಾಹೀರಾತಿಗೆ ಹೋಯಿತು. ಕ್ರಿಸ್ಟಿ ಚರ್ಚಾ ವೇದಿಕೆಯಲ್ಲಿ ರೂಬಿಯೊ ಮಾನ ಹರಾಜು ಹಾಕಿ, ನಾಲ್ಕು ದಿನದಲ್ಲಿ ತಾವೂ ಕಣದಿಂದ ಹೊರಬಿದ್ದು, ತಿಂಗಳು ಮುಗಿಯುವುದರೊಳಗೆ ಟ್ರಂಪ್ ಪಕ್ಕದಲ್ಲಿ ನಿಂತರು!

ನಿಯಮಗಳು ಉಳಿದ ಕೆಲಸ ಮಾಡಿದವು. ಪ್ರಮಾಣಾನುಸಾರ ಹಂಚಿಕೆಯಿದ್ದ ಕೆಲವು ರಾಜ್ಯಗಳಲ್ಲೂ ಶೇ.20ರ ಹೊಸ್ತಿಲಿತ್ತು. ಅಲಬಾಮಾದಲ್ಲಿ ರೂಬಿಯೊ ಪಡೆದದ್ದು ಶೇ.18.7. ಹೊಸ್ತಿಲು ದಾಟದ ಕಾರಣ ಸಿಕ್ಕ ಪ್ರತಿನಿಧಿ ಒಬ್ಬರೇ. ಶೇ.43 ಪಡೆದ ಟ್ರಂಪ್‌ಗೆ 36. ಮಾರ್ಚ್ 15ರಂದು ಫ್ಲಾರಿಡಾದಲ್ಲಿ ಶೇ.45.7 ಮತಕ್ಕೆ 99ಕ್ಕೆ 99. ಏಪ್ರಿಲ್ 19ರಂದು ತವರು ರಾಜ್ಯ ನ್ಯೂಯಾರ್ಕ್ ಮತ ಹಾಕುವವರೆಗೆ ಟ್ರಂಪ್ ಒಂದು ರಾಜ್ಯದಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಪಡೆದಿರಲಿಲ್ಲ. ಅಷ್ಟರಲ್ಲಿ ಅವರನ್ನು ಹಿಂದಿಕ್ಕುವುದು ಯಾರಿಗೂ ಸಾಧ್ಯವಿಲ್ಲದಷ್ಟು ಅಂತರ ಬೆಳೆದಿತ್ತು. ಮೇ 3ರ ಇಂಡಿಯಾನಾ ಫಲಿತಾಂಶ ನೋಡಿ ಟೆಡ್ ಕ್ರೂಜ್ ಕೈಚೆಲ್ಲಿದರು, ಮರುದಿನ ಕೇಸಿಕ್.

ಟ್ರಂಪ್ ಬೇರೆ ದಾರಿ ಹಿಡಿದು ಸ್ವತಂತ್ರವಾಗಿ ನಿಂತಾರೆಂಬ ಅಂಜಿಕೆಯಿಂದ 2015ರ ಸೆಪ್ಟೆಂಬರ್‌ನಲ್ಲಿ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ರೈನ್ಸ್ ಪ್ರೀಬಸ್ ಒಂದು ಪ್ರತಿಜ್ಞಾಪತ್ರ ತಂದಿದ್ದರು. ಟಿಕೆಟ್ ಯಾರಿಗೆ ಸಿಕ್ಕರೂ ಬೆಂಬಲಿಸುತ್ತೇನೆ ಎಂಬುದು ಅದರ ಒಕ್ಕಣೆ. ಟ್ರಂಪ್ ಸಹಿ ಹಾಕಿದರು. ಹೊರಗಿನವನನ್ನು ಕಟ್ಟಿಹಾಕಲು ತಂದ ಹಗ್ಗ ಕಡೆಗೆ ಬಿಗಿದದ್ದು ಒಳಗಿನವರ ಕೈಗಳನ್ನೇ.

ಸ್ಯಾಂಡರ್ಸ್ ಎರಡು ಸಲ ಸೋತದ್ದೇಕೆ?

ಹಾಗಾದರೆ ರಿಪಬ್ಲಿಕನ್ ನಿಯಮಗಳಿದ್ದಿದ್ದರೆ ಸ್ಯಾಂಡರ್ಸ್ 2016ರಲ್ಲಿ ಗೆಲ್ಲುತ್ತಿದ್ದರೇ? ಅವರ ಅಭಿಮಾನಿಗಳಲ್ಲಿ ಹಲವರು ಇಂದಿಗೂ ಹಾಗೆಂದು ನಂಬುತ್ತಾರೆ. ಲೆಕ್ಕ ಅವರ ಪರವಾಗಿಲ್ಲ. ಹಿಲರಿಗೆ ಸುಮಾರು 1.69 ಕೋಟಿ ಮತ, ಸ್ಯಾಂಡರ್ಸ್‌ಗೆ 1.32 ಕೋಟಿ. ಇದ್ದವರು ಇಬ್ಬರೇ. ಒಡೆಯಲು ಮೂರನೆಯ ಪಾಲಿರಲಿಲ್ಲ. ಗೆದ್ದವರಿಗೇ ಎಲ್ಲ ಎಂಬ ಪದ್ಧತಿ ಇದ್ದಿದ್ದರೆ ಫ್ಲಾರಿಡಾ, ಟೆಕ್ಸಾಸ್, ನ್ಯೂಯಾರ್ಕ್‌ಗಳನ್ನು ಗೆದ್ದ ಹಿಲರಿ ಇನ್ನೂ ಬೇಗ ದಡ ಸೇರುತ್ತಿದ್ದರು. ಸ್ಯಾಂಡರ್ಸ್ ಜೂನ್‌ವರೆಗೆ ಉಸಿರು ಹಿಡಿದು ನಿಂತದ್ದೇ ಪ್ರಮಾಣಾನುಸಾರ ಹಂಚಿಕೆಯ ಕೃಪೆಯಿಂದ.

ಆದರೆ ಅವರ ದೂರಿನಲ್ಲಿ ಹುರುಳಿಲ್ಲವೆಂದೂ ಹೇಳುವಂತಿಲ್ಲ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ.60 ಮತ ಪಡೆದು ಪ್ರತಿನಿಧಿಗಳ ಲೆಕ್ಕದಲ್ಲಿ 15-9ರಿಂದ ಗೆದ್ದ ರಾತ್ರಿಯೇ, ಅಲ್ಲಿನ ಆರು ಸೂಪರ್ ಡೆಲಿಗೇಟ್‌ಗಳು ಹಿಲರಿ ಪರವಿರುವುದರಿಂದ ಇಬ್ಬರೂ ಸಮಸಮ ಎಂದು ಟಿವಿ ಪರದೆಗಳು ತೋರಿಸಿದವು. ಮತ ಹಾಕಿ ಮನೆಗೆ ಬಂದವನಿಗೆ ಇದು ಮೋಸವೆನಿಸಿದರೆ ತಪ್ಪೇನು? ಜುಲೈ ತಿಂಗಳಲ್ಲಿ ವಿಕಿಲೀಕ್ಸ್ ಬಯಲು ಮಾಡಿದ ಇ-ಮೇಲ್‌ಗಳು ಪಕ್ಷದ ಕೇಂದ್ರ ಕಚೇರಿಯ ಕೆಲವರು ಯಾರತ್ತ ವಾಲಿದ್ದರೆಂಬುದನ್ನು ತೋರಿಸಿದವು. ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ನೀಡಬೇಕಾಯಿತು. 2018ರ ಆಗಸ್ಟ್‌ನಲ್ಲಿ ಪಕ್ಷ ನಿಯಮ ತಿದ್ದಿತು. ಪೈಪೋಟಿಯಿರುವ ಸಮಾವೇಶದ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳಿಗೆ ಮತವಿಲ್ಲ ಎಂದಾಯಿತು. ಸೋತ ಹೊರಗಿನವರು ಗೆದ್ದ ದೊಡ್ಡ ಗೆಲುವು ಇದು.

2020ರಲ್ಲಿ ಸ್ಯಾಂಡರ್ಸ್‌ಗೆ ಟ್ರಂಪ್‌ಗೆ ಸಿಕ್ಕಂಥದ್ದೇ ಕಣ ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಉಮೇದುವಾರರು. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ.26ಕ್ಕಿಂತ ಕಡಿಮೆ ಮತಕ್ಕೆ ಮೊದಲ ಸ್ಥಾನ, ನೆವಾಡಾದಲ್ಲಿ ಭರ್ಜರಿ ಜಯ. ಫೆಬ್ರವರಿ 22ರ ರಾತ್ರಿ ಪಕ್ಷದ ವರಿಷ್ಠರಿಗೆ ನಿದ್ದೆ ಬಂದಿರಲಾರದು. ಆದರೆ ಅವರಲ್ಲಿ ಎರಡು ಅಸ್ತ್ರಗಳಿದ್ದವು. ಒಂದು, ಪ್ರಮಾಣಾನುಸಾರ ಹಂಚಿಕೆ. ಅದರಡಿ ಶೇ.30 ಮತಕ್ಕೆ ಶೇ.100 ಪ್ರತಿನಿಧಿಗಳು ಸಿಗುವುದಿಲ್ಲ. ಬಹುಮತವಿಲ್ಲದ ಮೊದಲ ಸ್ಥಾನಿಗ ಸಮಾವೇಶದಲ್ಲಿ ಎರಡನೆಯ ಸುತ್ತಿಗೆ ಹೋಗಬೇಕು, ಅಲ್ಲಿ ಸೂಪರ್ ಡೆಲಿಗೇಟ್‌ಗಳು ಕಾದಿರುತ್ತಾರೆ. ನೆವಾಡಾಕ್ಕೆ ಮೂರು ದಿನ ಮೊದಲು ಲಾಸ್ ವೇಗಸ್‌ನ ಚರ್ಚೆಯಲ್ಲಿ, ಅತಿ ಹೆಚ್ಚು ಪ್ರತಿನಿಧಿಗಳಿರುವವರಿಗೇ ಟಿಕೆಟ್ ಕೊಡಬೇಕೇ ಎಂದು ಕೇಳಿದಾಗ ಹೌದೆಂದವರು ಸ್ಯಾಂಡರ್ಸ್ ಒಬ್ಬರೇ. ಉಳಿದ ಐವರೂ ಪ್ರಕ್ರಿಯೆ ನಡೆಯಲಿ ಎಂದರು.

ಎರಡನೆಯ ಅಸ್ತ್ರ ಸೌತ್ ಕೆರೊಲಿನಾ. ಅಲ್ಲಿನ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನಾಂಗದವರು. ಅವರ ನಡುವೆ ದಶಕಗಳ ನಂಟಿದ್ದ ಸಂಸದ ಜಿಮ್ ಕ್ಲೈಬರ್ನ್ ಫೆಬ್ರವರಿ 26ರಂದು ಜೋ ಬೈಡನ್ ಪರ ನಿಂತರು. 29ರಂದು ಬೈಡನ್‌ಗೆ ಶೇ.48ಕ್ಕೂ ಹೆಚ್ಚು ಮತ, ಸ್ಯಾಂಡರ್ಸ್‌ಗೆ ಶೇ.20. ಮರುದಿನ ಪೀಟ್ ಬೂಟಿಜೆಜ್ ಕಣ ಬಿಟ್ಟರು. ಅದರ ಮರುದಿನ ಏಮಿ ಕ್ಲೋಬುಶಾರ್. ಇಬ್ಬರೂ ಬೈಡನ್‌ಗೆ ಬೆಂಬಲ ಘೋಷಿಸಿದರು. ಮಾರ್ಚ್ 3ರಂದು ಮತ ಹಾಕಿದ 14 ರಾಜ್ಯಗಳಲ್ಲಿ ಹತ್ತು ಬೈಡನ್ ಪಾಲು. ಕ್ಲೋಬುಶಾರ್ ತವರು ಮಿನಸೋಟವೂ, ಎಲಿಜಬೆತ್ ವಾರೆನ್ ತವರು ಮ್ಯಾಸಚೂಸೆಟ್ಸ್ ಕೂಡ ಅದರಲ್ಲಿ ಸೇರಿದ್ದವು. 50 ಕೋಟಿ ಡಾಲರ್‌ಗೂ ಹೆಚ್ಚು ಸುರಿದ ಮೈಕೆಲ್ ಬ್ಲೂಮ್‌ಬರ್ಗ್ ಗೆದ್ದದ್ದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪಸಮೂಹ ಅಮೆರಿಕನ್ ಸಮೋವಾ ಒಂದನ್ನೇ.

ಸ್ಯಾಂಡರ್ಸ್ ಸೋಲಿಗೆ ವರಿಷ್ಠರ ಸಂಚೇ ಕಾರಣವೆನ್ನುವವರು ಒಂದು ಮಾತನ್ನು ಮರೆಯುತ್ತಾರೆ. 2016ರಲ್ಲೂ ದಕ್ಷಿಣದ ಕಪ್ಪು ಮತದಾರರು ಅವರ ಕೈಹಿಡಿದಿರಲಿಲ್ಲ. ಮಿಸಿಸಿಪ್ಪಿಯ 31-5 ಅದರ ಸಾಕ್ಷಿ. ನಾಲ್ಕು ವರ್ಷ ಕೈಯಲ್ಲಿದ್ದರೂ ಆ ಕೊರತೆಯನ್ನು ತುಂಬಿಕೊಳ್ಳಲು ಅವರಿಂದಾಗಲಿಲ್ಲ. ಸಂಚು ಮಾಡಿದವರಿದ್ದರೆ, ಅದಕ್ಕೆ ಬೇಕಾದ ಮತಗಳೂ ಇದ್ದವು. 2016ರ ಮಾರ್ಚ್ 3ರಂದು ರಾಮ್ನಿ ಕೂಡ ಟ್ರಂಪ್ ಮೋಸಗಾರನೆಂದು ಬಹಿರಂಗವಾಗಿ ಗುಡುಗಿದ್ದರು. ಅವರ ಮಾತಿಗೆ ಓಗೊಡುವ ಒಂದು ಮತವರ್ಗವೇ ರಿಪಬ್ಲಿಕನ್ ಪಕ್ಷದಲ್ಲಿ ಉಳಿದಿರಲಿಲ್ಲ. ಕ್ಲೈಬರ್ನ್ ಮತ್ತು ರಾಮ್ನಿ ನಡುವಿನ ವ್ಯತ್ಯಾಸ ಇದು.

ಬೆಳಗಾವಿಯಿಂದ ಡೆಟ್ರಾಯಿಟ್‌ಗೆ

ಹಂಚಿಹೋದ ಕಣದ ಮಹಿಮೆಗೆ ಕನ್ನಡನಾಡಿನ ನಂಟಿರುವ ಉದಾಹರಣೆಯೂ ಇದೆ. ಚಿಕ್ಕೋಡಿಯಲ್ಲಿ ಜನಿಸಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅಮೆರಿಕದಲ್ಲಿ ಉದ್ಯಮಿಯಾದವರು. 2018ರಲ್ಲಿ ಸ್ವಂತ ಜೇಬಿನಿಂದ ಸುಮಾರು ಒಂದು ಕೋಟಿ ಡಾಲರ್ ವ್ಯಯಿಸಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಗೆ ಇಳಿದರು. ಮೂವರ ಕಣದಲ್ಲಿ ಮೂರನೆಯವರಾದರು. 2022ರಲ್ಲಿ ಡೆಟ್ರಾಯಿಟ್ ಭಾಗದ ಸಂಸತ್ ಕ್ಷೇತ್ರಕ್ಕೆ ಒಂಬತ್ತು ಮಂದಿ ಪೈಪೋಟಿ ನಡೆಸಿದಾಗ ಸುಮಾರು ಶೇ.28 ಮತಕ್ಕೇ ಟಿಕೆಟ್ ಗೆದ್ದು ವಾಷಿಂಗ್ಟನ್ ತಲುಪಿದರು. ಅಧ್ಯಕ್ಷೀಯ ಟಿಕೆಟ್ ಮಾತ್ರ ಅವರ ಕೈಗೆ ಎಟುಕುವಂಥದ್ದಲ್ಲ. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕೆಂಬ ಸಂವಿಧಾನದ ಷರತ್ತು ಅಡ್ಡ ಬರುತ್ತದೆ.

ಅದೇ ಷರತ್ತಿನಿಂದ ಹೊರಗುಳಿಯುವ ಇನ್ನೊಬ್ಬರು ಉಗಾಂಡದಲ್ಲಿ ಜನಿಸಿದ ಜೊಹ್ರಾನ್ ಮಮ್ದಾನಿ. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ಮೇಯರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅವರು ಮಾಜಿ ಗವರ್ನರ್ ಆಂಡ್ರೂ ಕುಮೊ ಅವರನ್ನು ಮಣಿಸಿದ ರೀತಿ ಬೇರೆಯದು. ಅಲ್ಲಿ ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಡುತ್ತಾರೆ. ಮಮ್ದಾನಿ ಮತ್ತೊಬ್ಬ ಅಭ್ಯರ್ಥಿ ಬ್ರ್ಯಾಡ್ ಲ್ಯಾಂಡರ್ ಜೊತೆ ಪರಸ್ಪರ ಬೆಂಬಲದ ಒಪ್ಪಂದ ಮಾಡಿಕೊಂಡರು. ಅಂತಿಮ ಸುತ್ತಿನಲ್ಲಿ ಅವರಿಗೆ ಶೇ.56.4 ದಕ್ಕಿತು. ಟ್ರಂಪ್ ಹಾದಿಯಲ್ಲಿ ಎದುರಾಳಿಗಳು ಒಡೆದಿರಬೇಕು; ಈ ಹಾದಿಯಲ್ಲಿ ಎದುರಾಳಿಗಳ ಮತದಾರರೂ ಒಲಿಯಬೇಕು. ಪಕ್ಷದ ಆರೋಗ್ಯಕ್ಕೆ ಎರಡನೆಯದು ಒಳಿತೆಂದು ತೋರುತ್ತದೆ. ಏಕೆಂದರೆ ಮೂರರಲ್ಲೊಂದು ಪಾಲಿನ ಒಪ್ಪಿಗೆಯಿಂದ ಬಂದವನಿಗೆ ಉಳಿದ ಎರಡು ಪಾಲಿನವರ ಮನ ಗೆಲ್ಲುವ ಅಗತ್ಯವೇ ಬೀಳುವುದಿಲ್ಲ.

ಒಳಗಾದ ಹೊರಗಿನವರು

ಮನೆ ಹೊಕ್ಕವರು ಮೊದಲು ಮಾಡುವ ಕೆಲಸ ಬೀಗ ಬದಲಿಸುವುದು. 2024ರ ಚುನಾವಣೆಗೆ ಮುನ್ನ ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಘಟಕ, ಅರ್ಧಕ್ಕಿಂತ ಹೆಚ್ಚು ಮತ ಪಡೆದವರಿಗೆ ರಾಜ್ಯದ 169 ಪ್ರತಿನಿಧಿಗಳೂ ಸೇರಬೇಕೆಂದು ನಿಯಮ ತಿದ್ದಿತು. ಟ್ರಂಪ್‌ಗೆ ಅನುಕೂಲವಾಗುವ ತಿದ್ದುಪಡಿ ಅದೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ಅವರ ಸೊಸೆ ಲಾರಾ ಟ್ರಂಪ್ ಪಕ್ಷದ ರಾಷ್ಟ್ರೀಯ ಸಮಿತಿಯ ಸಹ ಅಧ್ಯಕ್ಷೆಯಾದರು. ಎದುರು ನಿಂತಿದ್ದ ನಿಕ್ಕಿ ಹ್ಯಾಲಿ ಗೆದ್ದದ್ದು ವರ್ಮಾಂಟ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. ಎಂಟು ವರ್ಷಗಳಲ್ಲಿ ಪಾತ್ರಗಳು ಅದಲು ಬದಲಾದವು: ಎರಡು ಅವಧಿಗೆ ಗವರ್ನರ್ ಆಗಿ ಆಯ್ಕೆಯಾಗಿದ್ದ ಹ್ಯಾಲಿ ಹೊರಗಿನವರು, ಟ್ರಂಪ್ ಒಳಗಿನವರು.

ಡೆಮಾಕ್ರಟಿಕ್ ಪಕ್ಷದಲ್ಲಿ ಅದೇ ವರ್ಷ ನಡೆದದ್ದು ಹಳೆಯ ಕಾಲವನ್ನು ನೆನಪಿಸುವಂತಿತ್ತು. ಪ್ರೈಮರಿಗಳೆಲ್ಲ ಮುಗಿದ ಮೇಲೆ ಜುಲೈ 21ರಂದು ಬೈಡನ್ ಕಣದಿಂದ ಸರಿದರು. ಆಗಸ್ಟ್ ಮೊದಲ ವಾರದಲ್ಲಿ ಪ್ರತಿನಿಧಿಗಳು ಆನ್‌ಲೈನ್ ಮತದಾನದಲ್ಲಿ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ಹಂಫ್ರಿಯ ನಂತರ ತಮ್ಮ ಹೆಸರಿನಲ್ಲಿ ಒಂದೂ ಪ್ರೈಮರಿ ಗೆಲ್ಲದೆ ಟಿಕೆಟ್ ಪಡೆದ ಮೊದಲ ಡೆಮಾಕ್ರಟ್ ಅವರು. ಸಮಯವಿರಲಿಲ್ಲವೆಂಬುದು ನಿಜ. ಆದರೆ ಆಯ್ಕೆಯಲ್ಲಿ ತಮ್ಮ ಪಾತ್ರವೇನಿತ್ತು ಎಂದು ಮತದಾರರು ಕೇಳಿದಾಗ ಪಕ್ಷದ ಬಳಿ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ.

2028ರಲ್ಲಿ ಟ್ರಂಪ್ ಮತ್ತೆ ನಿಲ್ಲುವುದಕ್ಕೆ ಸಂವಿಧಾನದ 22ನೇ ತಿದ್ದುಪಡಿ ಬಿಡುವುದಿಲ್ಲ. ಎರಡೂ ಪಕ್ಷಗಳಲ್ಲಿ ಹಾಲಿ ಅಧ್ಯಕ್ಷರಿಲ್ಲದ ಕಣ ಎಂದರೆ ಉಮೇದುವಾರರ ಜಾತ್ರೆ ನೆರೆಯುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಹೊರಗಿನವರೊಬ್ಬರು ಶೇ.30 ಮತದೊಂದಿಗೆ ಮೊದಲ ಸ್ಥಾನಕ್ಕೆ ಬಂದರೆ, ಗಮನಿಸಬೇಕಾದದ್ದು ಅವರ ಸಭೆಗೆ ಸೇರಿದ ಜನರನ್ನಲ್ಲ. ಆರಂಭದ ಮೂರು ನಾಲ್ಕು ರಾಜ್ಯಗಳ ಫಲಿತಾಂಶ ಬಂದ ಮರುದಿನ ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನದವರಲ್ಲಿ ಯಾರು ಕ್ಲೋಬುಶಾರ್ ಅವರಂತೆ ಮನೆಗೆ ಹೋಗುತ್ತಾರೆ, ಯಾರು ಕೇಸಿಕ್ ಅವರಂತೆ ತವರು ರಾಜ್ಯವೊಂದನ್ನೇ ಗೆದ್ದು ಮೇ ತಿಂಗಳವರೆಗೆ ಕೂರುತ್ತಾರೆ ಎಂಬುದನ್ನು.